ಜುಲೈ ತಿಂಗಳ ಒಂದು ತಪ್ಪು ನಮೂದು: ತಾರಿಹಾಳದ ಬಾಕ್ಸ್ ಘಟಕದಲ್ಲಿ ಒಂದು ಹೆರಿಗೆ ರಜೆಯ ಲೆಕ್ಕ

ಹುಬ್ಬಳ್ಳಿಯ ತಾರಿಹಾಳ ಕೈಗಾರಿಕಾ ಪ್ರದೇಶದಲ್ಲಿ ರಟ್ಟಿನ ಪೆಟ್ಟಿಗೆ ಮಾಡುವ ಒಂದು ಘಟಕ. ಬ್ಯಾಡಗಿ ಮೆಣಸಿನಕಾಯಿ, ಬೀಜದ ಪೊಟ್ಟಣ, ಪಂಪಿನ ಬಿಡಿಭಾಗ ತುಂಬುವ ಪೆಟ್ಟಿಗೆಗಳು ಇಲ್ಲಿಂದ ಹೋಗುತ್ತವೆ. ಕಂಪನಿಯ ಹಾಜರಿ ಪುಸ್ತಕದಲ್ಲಿ 46 ಜನ, ಗುತ್ತಿಗೆದಾರನ ಕಡೆಯಿಂದ 22 ಜನ. ಕಾಯಂ ನೌಕರರಲ್ಲಿ 18 ಹೆಣ್ಣುಮಕ್ಕಳು, ಗುತ್ತಿಗೆಯವರಲ್ಲಿ 14. ಪಿಎಫ್, ಇಎಸ್‌ಐ (ನೌಕರರ ರಾಜ್ಯ ವಿಮೆ) ಕೆಲಸವನ್ನು ಹೊರಗಿನ ಒಬ್ಬ ಲೇಬರ್ ಕನ್ಸಲ್ಟಂಟ್ ನೋಡಿಕೊಳ್ಳುತ್ತಾನೆ. ತಿಂಗಳಿಗೊಮ್ಮೆ ಎಕ್ಸೆಲ್ ಹಾಳೆ ಅವನಿಗೆ ಹೋಗುತ್ತದೆ, ಚಲನ್ ವಾಪಸ್ ಬರುತ್ತದೆ. ನಡುವೆ ಏನಾಯಿತೆಂದು ಕಂಪನಿಯಲ್ಲಿ ಯಾರೂ ನೋಡುವುದಿಲ್ಲ.

ಘಟಕಕ್ಕೂ ಕುಟುಂಬಕ್ಕೂ ಇಲ್ಲಿ ಹೆಸರಿಲ್ಲ. ಇಂಥ ಕಡತಗಳಲ್ಲಿ ಮತ್ತೆ ಮತ್ತೆ ಕಾಣುವ ತಪ್ಪುಗಳನ್ನು ಒಂದೇ ಕಡೆ ಸೇರಿಸಿ, ಲೆಕ್ಕ ತಿಳಿಯಲೆಂದು ಪಗಾರ ಮತ್ತು ತಾರೀಕು ಇಟ್ಟು ಕಟ್ಟಿದ ಮಾದರಿ ಪ್ರಕರಣ ಇದು. ಕಾಯ್ದೆ, ದರ, ಗಡುವು ಮಾತ್ರ ಪ್ರಕರಣದ ಹೊತ್ತಿನಲ್ಲಿ, ಅಂದರೆ 2025ರ ನವೆಂಬರ್ 21ಕ್ಕೆ ಮುಂಚೆ, ಇದ್ದದ್ದು ಇದ್ದ ಹಾಗೆ.

ಪ್ರಕರಣದ ಮಹಿಳೆ ತಪಾಸಣೆ ವಿಭಾಗದಲ್ಲಿ ಮೂರು ವರ್ಷದಿಂದ ಇದ್ದಾಳೆ. ಮನೆ ಹಳೇ ಹುಬ್ಬಳ್ಳಿಯಲ್ಲಿ, ತವರು ಗದಗ ಜಿಲ್ಲೆಯ ಲಕ್ಷ್ಮೇಶ್ವರದ ಕಡೆ. ಗಂಡ ಅಮರಗೋಳ ಎಪಿಎಂಸಿಯ ಒಂದು ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾನೆ. ಅಲ್ಲಿರುವುದು ಆರೇ ಜನ, ಇಎಸ್‌ಐಗೆ ಬೇಕಾದ ಹತ್ತರ ಸಂಖ್ಯೆ ಮುಟ್ಟುವುದಿಲ್ಲ. ನಾಲ್ಕು ವರ್ಷದ ಒಬ್ಬ ಮಗ. 2024ರ ಜೂನ್ ತನಕ ಆಕೆಯ ಒಟ್ಟು ಪಗಾರ ತಿಂಗಳಿಗೆ 19,800. ಜುಲೈ 1ರಿಂದ ಇನ್‌ಕ್ರಿಮೆಂಟ್ ಸೇರಿ 21,900. ಎರಡನೇ ಹೆರಿಗೆಗೆ ವೈದ್ಯರು ಕೊಟ್ಟ ತಾರೀಕು 2025ರ ಜನವರಿ 20.

ಪಗಾರ ಹೆಚ್ಚಿದ್ದು ಖುಷಿಯ ಸುದ್ದಿ. ತೊಡಕು ಶುರುವಾದದ್ದೂ ಅಲ್ಲಿಂದಲೇ.

ಇಎಸ್‌ಐ ವ್ಯಾಪ್ತಿಗೆ ಬರುವ ಪಗಾರದ ಮಿತಿ 2017ರ ಜನವರಿ 1ರಿಂದ ತಿಂಗಳಿಗೆ 21,000. ದಾಟಿದರೆ ಹೊರಗೆ ಎಂಬುದು ಎಲ್ಲರಿಗೂ ಗೊತ್ತು. ಯಾವಾಗ ಹೊರಗೆ ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ಇಎಸ್‌ಐಯ ವರ್ಷ ಎರಡು ವಂತಿಗೆ ಅವಧಿಗಳಾಗಿ ಒಡೆದಿದೆ: ಏಪ್ರಿಲ್ 1ರಿಂದ ಸೆಪ್ಟೆಂಬರ್ 30, ಅಕ್ಟೋಬರ್ 1ರಿಂದ ಮಾರ್ಚ್ 31. ಅವಧಿ ಶುರುವಾದ ದಿನ ಮಿತಿಯೊಳಗಿದ್ದವರು ನಡುವೆ ಪಗಾರ ಎಷ್ಟೇ ಏರಿದರೂ ಅವಧಿ ಮುಗಿಯುವ ತನಕ ಒಳಗೇ ಇರುತ್ತಾರೆ, ವಂತಿಗೆಯನ್ನೂ ಏರಿದ ಪೂರ್ತಿ ಪಗಾರದ ಮೇಲೆಯೇ ಕಟ್ಟಬೇಕು. ಅಂದರೆ ಈಕೆ ಹೊರಬೀಳಬೇಕಾದದ್ದು ಅಕ್ಟೋಬರ್ 1ಕ್ಕೆ. ಕನ್ಸಲ್ಟಂಟ್ ಹೊರಹಾಕಿದ್ದು ಜುಲೈಯಲ್ಲಿ.

ಅದೂ ನೆಟ್ಟಗೆ ಹೊರಹಾಕಲಿಲ್ಲ. ತಿಂಗಳ ವಂತಿಗೆ ತುಂಬುವ ಹಾಳೆಯಲ್ಲಿ ‘ವ್ಯಾಪ್ತಿಯಿಂದ ಹೊರಗೆ’ ಎಂಬ ಕಾರಣ ನಡೆಯುವುದು ಏಪ್ರಿಲ್ ಮತ್ತು ಅಕ್ಟೋಬರ್ ತಿಂಗಳಿಗೆ ಮಾತ್ರ. ಜುಲೈಯಲ್ಲಿ ಅದು ನಡೆಯದಿದ್ದಾಗ ಯಾಕೆ ನಡೆಯಲಿಲ್ಲ ಎಂದು ಕೇಳಿಕೊಂಡಿದ್ದರೆ ಪ್ರಕರಣವೇ ಇರುತ್ತಿರಲಿಲ್ಲ. ಕನ್ಸಲ್ಟಂಟ್ ಆಫೀಸಿನ ಹುಡುಗ ಪಟ್ಟಿಯಲ್ಲಿ ಸಿಕ್ಕ ಇನ್ನೊಂದು ಕಾರಣ ಒತ್ತಿದ: ‘ನೌಕರಿ ಬಿಟ್ಟಿದ್ದಾರೆ’, ಕೊನೆಯ ದಿನ ಜೂನ್ 30. ಕಂಪ್ಯೂಟರ್ ಸುಮ್ಮನಾಯಿತು. ಮೂರು ತಿಂಗಳ ಗರ್ಭಿಣಿ ದಿನಾ ಬೆಳಗ್ಗೆ ಪಂಚ್ ಮಾಡಿ ಒಳಗೆ ಹೋಗುತ್ತಿದ್ದಳು, ಸರ್ಕಾರಿ ದಾಖಲೆಯಲ್ಲಿ ನೌಕರಿ ಬಿಟ್ಟವಳಾಗಿದ್ದಳು.

ಅಕ್ಟೋಬರ್ ಕೊನೆಗೆ ರಜೆಯ ಮಾತು ತೆಗೆದಾಗ ಆಫೀಸಿನಲ್ಲಿ ಬಂದ ಉತ್ತರ: “ಅಕ್ಕಾರ, ನಿಮ್ದು ಇಪ್ಪತ್ತೊಂದು ದಾಟೇತ್ರಿ, ಇಎಸ್‌ಐ ಮುಗೀತು. ನಮ್ದು ಇಎಸ್‌ಐ ಕಂಪನಿ, ಹೆರಿಗಿ ಪಗಾರ ನಾವು ಕೊಡೂದು ಬರೂದಿಲ್ಲ. ಸಾಹೇಬ್ರು ಮೂರು ತಿಂಗಳ ಕೊಡ್ತೀನಂದಾರ, ಎರಡನೇದಕ್ಕ ಅಷ್ಟ ಇರೂದು.” ಅತ್ತ ದರಿ, ಇತ್ತ ಪುಲಿ. ಮೂರು ತಿಂಗಳೆಂದರೆ 65,700.

ಈ ಒಂದೇ ಉತ್ತರದಲ್ಲಿ ಮೂರು ತಪ್ಪುಗಳಿವೆ.

‘ಎರಡನೇದಕ್ಕೆ ಮೂರು ತಿಂಗಳು’ ಎಂಬುದು ಬಹಳ ಆಫೀಸುಗಳಲ್ಲಿ ಬೇರೂರಿದ ಮಾತು. 26 ವಾರ ಇಳಿದು 12 ವಾರವಾಗುವುದು ಬದುಕಿರುವ ಮಕ್ಕಳು ಆಗಲೇ ಇಬ್ಬರೋ ಹೆಚ್ಚೋ ಇದ್ದಾಗ. ಎಣಿಸಬೇಕಾದದ್ದು ಈ ಹೆರಿಗೆಗೆ ಮುಂಚಿನ ಮಕ್ಕಳನ್ನು. ಈಕೆಗೆ ಒಬ್ಬನೇ ಮಗ, ಆದ್ದರಿಂದ ಪೂರ್ತಿ 26 ವಾರ. ಹೆರಿಗೆ ಸೌಲಭ್ಯ ಕಾಯ್ದೆ 1961ಕ್ಕೆ 2017ರಲ್ಲಿ ಆದ ತಿದ್ದುಪಡಿಯೂ ಇದನ್ನೇ ಹೇಳುತ್ತದೆ, ಇಎಸ್‌ಐ ನಿಯಮವೂ ಇದನ್ನೇ ಹೇಳುತ್ತದೆ.

‘ಇಎಸ್‌ಐ ಮುಗೀತು’ ಎಂಬುದು ಎರಡನೇ ತಪ್ಪು. ವಂತಿಗೆ ಕಟ್ಟಿದ್ದರ ಫಲ ಸಿಗುವುದು ಮೂರು ತಿಂಗಳು ಬಿಟ್ಟು. ಏಪ್ರಿಲ್–ಸೆಪ್ಟೆಂಬರ್ ವಂತಿಗೆಗೆ ಜನವರಿ–ಜೂನ್ ಸೌಲಭ್ಯದ ಅವಧಿ, ಅಕ್ಟೋಬರ್–ಮಾರ್ಚ್ ವಂತಿಗೆಗೆ ಜುಲೈ–ಡಿಸೆಂಬರ್. ಹೆರಿಗೆ ಭತ್ಯೆಗೆ ಷರತ್ತು ಒಂದೇ: ಹೆರಿಗೆಯ ತಾರೀಕು ಬೀಳುವ ಸೌಲಭ್ಯ ಅವಧಿಯ ಹಿಂದಿನ ಎರಡು ವಂತಿಗೆ ಅವಧಿಗಳಲ್ಲಿ ಸೇರಿ ಕನಿಷ್ಠ 70 ದಿನದ ವಂತಿಗೆ. ಈಕೆಗೆ 2023ರ ಅಕ್ಟೋಬರ್‌ನಿಂದ 2024ರ ಮಾರ್ಚ್ ತನಕದ್ದೇ ಬೇಕಾದ್ದಕ್ಕಿಂತ ಎರಡು ಪಟ್ಟು ಹೆಚ್ಚಿದೆ. ನಿಜ ಹೇಳಬೇಕೆಂದರೆ ಜುಲೈಯಿಂದ ಮೂರು ತಿಂಗಳು ಕಟ್ಟದೆ ಹೋಗಿದ್ದರೂ ಅರ್ಹತೆ ಕೈಬಿಟ್ಟು ಹೋಗುತ್ತಿರಲಿಲ್ಲ. ಭತ್ಯೆಯ ದರ ಇಳಿಯುತ್ತಿತ್ತು, ಇಎಸ್‌ಐ ಶಾಖಾ ಕಚೇರಿಯ ಕಿಟಕಿಯಲ್ಲಿ ‘ನೌಕರಿ ಬಿಟ್ಟವಳಿಗೆ ಯಾವ ರಜೆ’ ಎಂಬ ಪ್ರಶ್ನೆ ಏಳುತ್ತಿತ್ತು. ಇಂಥ ಪ್ರಶ್ನೆ ಎದ್ದಲ್ಲಿ ಅರ್ಧ ಜನ ವಾಪಸ್ ಹೋಗಿಬಿಡುತ್ತಾರೆ.

ಮೂರನೆಯದು ‘ಕಂಪನಿ ಕೊಡೂದು ಬರೂದಿಲ್ಲ’. ಇಲ್ಲಿ ಸ್ವಲ್ಪ ನಿಧಾನವಾಗಿ ಓದಬೇಕು. ಹೆರಿಗೆ ಸೌಲಭ್ಯ ಕಾಯ್ದೆಯ 2(2)ನೇ ಕಲಮು, ಇಎಸ್‌ಐ ಅನ್ವಯವಾಗುವ ಕಾರ್ಖಾನೆಗೆ ಈ ಕಾಯ್ದೆ ಇಲ್ಲ ಎನ್ನುತ್ತದೆ. ಅದೇ ಉಸಿರಿನಲ್ಲಿ 5ಎ ಮತ್ತು 5ಬಿ ಕಲಮುಗಳನ್ನು ಬದಿಗಿಡುತ್ತದೆ. ಪಗಾರ ಇಎಸ್‌ಐ ಮಿತಿ ದಾಟಿದ ಹೆಣ್ಣುಮಗಳು ಹೆರಿಗೆಗೆ ಹಿಂದಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿದ್ದರೆ ಕಂಪನಿಯೇ ಪೂರ್ತಿ ಭತ್ಯೆ ಕೊಡಬೇಕು ಎಂಬುದು 5ಬಿ. ಹಾಗಾದರೆ ಎರಡೂ ಕಡೆ ತೆಗೆದುಕೊಳ್ಳಬಹುದೇ? ಇಲ್ಲ. ಇಎಸ್‌ಐ ಕಾಯ್ದೆಯ 61ನೇ ಕಲಮು, ಇಲ್ಲಿ ಸಿಗುವ ಸೌಲಭ್ಯವನ್ನು ಇನ್ನೊಂದು ಕಾಯ್ದೆಯಲ್ಲೂ ಪಡೆಯುವಂತಿಲ್ಲ ಎನ್ನುತ್ತದೆ. ಒಟ್ಟಿನಲ್ಲಿ ಇಎಸ್‌ಐ ಅರ್ಹತೆ ಇದ್ದರೆ ಇಎಸ್‌ಐ, ಇಲ್ಲದಿದ್ದರೆ ಕಂಪನಿ. ಇಬ್ಬರೂ ಕೊಡದ ಜಾಗ ಕಾನೂನಿನಲ್ಲಿ ಇಲ್ಲ. ಅಂಥ ಜಾಗ ಇದೆ ಎಂದು ಆಫೀಸುಗಳು ನಂಬಿಕೊಂಡಿವೆ, ಅಷ್ಟೇ.

ಕಂಪನಿಯ ಮಾಲೀಕನಿಗೆ ಕಲಮುಗಳಿಗಿಂತ ಬೇಗ ಅರ್ಥವಾದದ್ದು ರೂಪಾಯಿ. ಜುಲೈಯಿಂದ ಸೆಪ್ಟೆಂಬರ್ ತನಕ 21,900ರ ಮೇಲೆ ನೌಕರರ ಪಾಲು ಶೇ 0.75, ಅಂದರೆ ತಿಂಗಳಿಗೆ 165. ಮಾಲೀಕರ ಪಾಲು ಶೇ 3.25, ಅಂದರೆ 712. ಮೂರು ತಿಂಗಳಿಗೆ ಒಟ್ಟು 2,631. ತಡವಾದದ್ದಕ್ಕೆ ವರ್ಷಕ್ಕೆ ಶೇ 12ರ ಬಡ್ಡಿ ಹಾಕಿದರೆ ಐವತ್ತು ರೂಪಾಯಿಯೂ ಆಗುವುದಿಲ್ಲ. ಇದನ್ನು ಕಟ್ಟಿದರೆ ಏಪ್ರಿಲ್‌ನಿಂದ ಸೆಪ್ಟೆಂಬರ್ ತನಕದ ಪಗಾರ 1,25,100, ದಿನ 183, ದಿನದ ಸರಾಸರಿ 683 ರೂಪಾಯಿ 60 ಪೈಸೆ ಚಿಲ್ಲರೆ. ಇಎಸ್‌ಐ ಹೆರಿಗೆ ಭತ್ಯೆ ಸರಾಸರಿ ಪಗಾರದ ಶೇ 100, ಭಾನುವಾರವೂ ಸೇರಿ 182 ದಿನ: ಸುಮಾರು 1,24,400. ಬರೀ ಏಪ್ರಿಲ್–ಜೂನ್ ಲೆಕ್ಕ ಹಿಡಿದಿದ್ದರೆ 1,18,800. ಇಎಸ್‌ಐ ಅರ್ಹತೆ ನಿಜಕ್ಕೂ ಇಲ್ಲದೆ 5ಬಿ ಕೆಳಗೆ ಬಂದಿದ್ದರೆ ಕಂಪನಿಯ ಗಲ್ಲೆಯಿಂದಲೇ 1,30,000ದ ಆಸುಪಾಸು ಹೋಗುತ್ತಿತ್ತು. ವಾರವೆಂದರೆ ಏಳು ದಿನ, ಭಾನುವಾರ ಕಳೆಯುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಬಿ. ಶಾ ಪ್ರಕರಣದಲ್ಲಿ 1977ರಲ್ಲೇ ಹೇಳಿದೆ. ಆದರೂ 26 ವಾರವನ್ನು 156 ದಿನಕ್ಕೆ ಇಳಿಸಿ ಲೆಕ್ಕ ಹಾಕುವ ಚೀಟಿಗಳು ಈಗಲೂ ಕಾಣುತ್ತವೆ.

ತಿದ್ದಿದ್ದು ಹೀಗೆ

ವಂತಿಗೆ ಅವಧಿ ಮುಗಿದು 42 ದಿನದೊಳಗೆ ಆ ಅವಧಿಯ ಲೆಕ್ಕ ಸರಿಯಾಗಬೇಕು. ಸೆಪ್ಟೆಂಬರ್ 30ಕ್ಕೆ ಮುಗಿದದ್ದಕ್ಕೆ ನವೆಂಬರ್ 11 ಕೊನೆ. ತಪ್ಪು ಗೊತ್ತಾದದ್ದು ಅಕ್ಟೋಬರ್ ಕೊನೆಗೆ, ಕೈಯಲ್ಲಿದ್ದದ್ದು ಹನ್ನೆರಡು-ಹದಿಮೂರು ದಿನ. ಅದರಲ್ಲಿ ದೀಪಾವಳಿಯೂ ಬಂತು.

ಮೊದಲು ಹಳೆಯ ವಿಮಾ ಸಂಖ್ಯೆಯನ್ನೇ ಮತ್ತೆ ಕಂಪನಿಗೆ ಜೋಡಿಸಬೇಕು. ಅವಸರದಲ್ಲಿ ಹೊಸ ಸಂಖ್ಯೆ ಮಾಡಿಸುವುದು ಇಲ್ಲಿ ಆಗುವ ದೊಡ್ಡ ಅನಾಹುತ. ಹೊಸ ಸಂಖ್ಯೆಗೆ ಹಿಂದಿನ ವಂತಿಗೆಯ ಚರಿತ್ರೆ ಇರುವುದಿಲ್ಲ, 70 ದಿನದ ಲೆಕ್ಕ ಸೊನ್ನೆಯಿಂದ ಶುರುವಾಗುತ್ತದೆ. ಆಮೇಲೆ ಜುಲೈ, ಆಗಸ್ಟ್, ಸೆಪ್ಟೆಂಬರ್‌ಗೆ ಪೂರಕ ವಂತಿಗೆ ತುಂಬಿ ಚಲನ್ ಕಟ್ಟಬೇಕು. ಅಕ್ಟೋಬರ್ ತಿಂಗಳಿನ ಹಾಳೆಯಲ್ಲಿ ‘ವ್ಯಾಪ್ತಿಯಿಂದ ಹೊರಗೆ’ ಎಂದು ತೋರಿಸಬೇಕು, ಈಗ ಅದು ನಡೆಯುತ್ತದೆ. ‘ನೌಕರಿ ಬಿಟ್ಟಿದ್ದಾರೆ’ ಎಂಬ ನಮೂದು ಕಣ್ತಪ್ಪಿನಿಂದ ಆದದ್ದೆಂದು ಶಾಖಾ ಕಚೇರಿಗೆ ಕಂಪನಿಯ ಲೆಟರ್‌ಹೆಡ್‌ನಲ್ಲಿ ಪತ್ರ, ಜೊತೆಗೆ ಮೂರು ತಿಂಗಳ ಹಾಜರಿ, ಪಗಾರದ ರಿಜಿಸ್ಟರ್, ಬ್ಯಾಂಕಿಗೆ ಪಗಾರ ಹೋದ ದಾಖಲೆ. ಪತ್ರ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳದೆ ಬರಬಾರದು.

ನೌಕರರ ಪಾಲಿನ 495 ರೂಪಾಯಿಯನ್ನು ನವೆಂಬರ್ ಪಗಾರದಲ್ಲಿ ಹಿಡಿಯಲು ಲೆಕ್ಕದವರು ಹೊರಟಿದ್ದರು. ಇಎಸ್‌ಐ ಕಾಯ್ದೆಯ 40ನೇ ಕಲಮು ಅದಕ್ಕೆ ಬಿಡುವುದಿಲ್ಲ. ಯಾವ ತಿಂಗಳ ವಂತಿಗೆಯೋ ಆ ತಿಂಗಳ ಪಗಾರದಲ್ಲೇ ಹಿಡಿಯಬೇಕು, ಹಿಡಿಯದೆ ಹೋದರೆ ಮಾಲೀಕನೇ ಹೊರಬೇಕು. ಮೊತ್ತ ಸಣ್ಣದು, ಆದರೆ ಇದೇ ತಪ್ಪು ಇಪ್ಪತ್ತು ಜನರಿಗೆ ಆಗಿದ್ದರೆ ಸಣ್ಣದಲ್ಲ.

ರಜೆ ಯಾವತ್ತಿನಿಂದ?

ಹಣದ ಮಾತು ಮುಗಿದ ಮೇಲೆ ಬಂದದ್ದು ತಾರೀಕಿನ ಮಾತು. ಕುಟುಂಬಕ್ಕೆ ಇದರ ಬಿಸಿ ಹಣಕ್ಕಿಂತ ಹೆಚ್ಚು ತಟ್ಟುತ್ತದೆ ಎಂಬುದು ನಮ್ಮ ಅಭಿಪ್ರಾಯ.

26 ವಾರದಲ್ಲಿ ಹೆರಿಗೆಗೆ ಮುಂಚೆ ತೆಗೆದುಕೊಳ್ಳಬಹುದಾದದ್ದು ಹೆಚ್ಚೆಂದರೆ ಎಂಟು ವಾರ. ಎಂಟು ವಾರ ತೆಗೆದುಕೊಳ್ಳಲೇಬೇಕು ಎಂದಲ್ಲ. ಮ್ಯಾನೇಜರ್ ಎಂಟು ವಾರ ಮುಂಚೆಯೇ ಮನೆಗೆ ಕಳಿಸಲು ನೋಡಿದ. ದಿನವಿಡೀ ನಿಂತು ಪೆಟ್ಟಿಗೆ ತಿರುಗಿಸಿ ನೋಡುವ ಕೆಲಸ, ಏನಾದರೂ ಆದರೆ ತನ್ನ ತಲೆಗೆ ಬರುತ್ತದೆಂಬ ಭಯ. ಹಾಗೆ ಮಾಡಿದ್ದರೆ ರಜೆ 2024ರ ನವೆಂಬರ್ 25ಕ್ಕೆ ಶುರುವಾಗಿ 2025ರ ಮೇ 25ಕ್ಕೆ ಮುಗಿಯುತ್ತಿತ್ತು, ಕೂಸಿಗೆ ನಾಲ್ಕು ತಿಂಗಳು ತುಂಬಿದ ಹೊತ್ತಿಗೆ ತಾಯಿ ಕೆಲಸಕ್ಕೆ ಮರಳಬೇಕಾಗುತ್ತಿತ್ತು. ಆರು ತಿಂಗಳ ತನಕ ಎದೆಹಾಲೇ ಸಾಕು, ಬೇರೇನೂ ಕೊಡಬೇಡಿ ಎಂದು ಆಸ್ಪತ್ರೆಯಲ್ಲಿ ಹೇಳಿ ಕಳಿಸುತ್ತಾರೆ. ಆ ಮಾತಿಗೂ ಈ ತಾರೀಕಿಗೂ ಎರಡು ತಿಂಗಳ ಅಂತರ.

ಬದಲಿಗೆ ಆಕೆಯನ್ನು ಕೊನೆಯ ಹತ್ತು ವಾರ ಕೂತು ಮಾಡುವ ಕೆಲಸಕ್ಕೆ ಹಾಕಿದರು: ಮುದ್ರಣದ ಮಾದರಿ ಹೋಲಿಸುವುದು, ಆರ್ಡರ್ ಚೀಟಿ ಬರೆಯುವುದು. ಒಂದು ಕುರ್ಚಿ, ಕಾಲಿಡಲು ಒಂದು ಹಲಗೆ, ಬಾಯ್ಲರ್‌ನಿಂದ ದೂರದ ಮೇಜು. ಪಗಾರ ಕಡಿಮೆ ಮಾಡಲಿಲ್ಲ. ರಜೆ ಜನವರಿ 6ರ ಸೋಮವಾರ ಶುರು, ಜುಲೈ 6ರ ಭಾನುವಾರಕ್ಕೆ ಮುಗಿತಾಯ. ಹೆರಿಗೆ ಜನವರಿ 16ಕ್ಕಾಯಿತು. ಜುಲೈ 7ಕ್ಕೆ ಮರಳುವಾಗ ಕೂಸಿಗೆ ಐದು ತಿಂಗಳು ಮೂರು ವಾರ. ಅದೇ 26 ವಾರ, ಅದೇ ಹಣ. ಎಲ್ಲರಿಗೂ ಇದೇ ಸರಿ ಎಂದಲ್ಲ. ರಕ್ತದೊತ್ತಡ ಇದ್ದರೆ, ಅವಳಿ ಮಕ್ಕಳಿದ್ದರೆ, ಊರಿನ ರಸ್ತೆ ಕೆಟ್ಟಿದ್ದರೆ ಮುಂಚೆಯೇ ಹೋಗುವುದು ಲೇಸು. ನಿರ್ಧಾರ ಆಕೆಯದೂ ವೈದ್ಯರದೂ ಆಗಬೇಕು, ಮ್ಯಾನೇಜರನದಲ್ಲ. ಗರ್ಭ ಅಥವಾ ಹೆರಿಗೆಯಿಂದ ಕಾಯಿಲೆ ಆದರೆ, ದಿನ ತುಂಬದೆ ಹೆರಿಗೆಯಾದರೆ, ವೈದ್ಯರ ಪ್ರಮಾಣಪತ್ರದ ಮೇಲೆ ಇನ್ನೊಂದು ತಿಂಗಳು ಭತ್ಯೆ ಸಿಗುತ್ತದೆ. ಇದನ್ನು ಕೇಳುವವರೇ ಕಡಿಮೆ.

ಹೆರಿಗೆಗೆ ಎಲ್ಲಿ ಹೋಗುವುದೆಂಬುದನ್ನೂ ಮೊದಲೇ ನಿರ್ಧರಿಸಬೇಕು. ಬಾಣಂತನಕ್ಕೆ ತವರಿಗೆ ಹೋಗುವುದು ನಮ್ಮ ಕಡೆ ರೂಢಿ, ಅಂಟಿನ ಉಂಡಿ ಕಟ್ಟಿ ಕಾಯುವ ತಾಯಿ ಅಲ್ಲಿರುತ್ತಾಳೆ. ಆದರೆ ಇಎಸ್‌ಐ ಆಸ್ಪತ್ರೆ ಇರುವುದು ಹುಬ್ಬಳ್ಳಿಯಲ್ಲಿ. ಇಎಸ್‌ಐ ಹೆರಿಗೆ ಸೌಲಭ್ಯ ಇಲ್ಲದ ಊರಿನಲ್ಲಿ ಹೆರಿಗೆಯಾದರೆ ಖರ್ಚಿಗೆಂದು 7,500 ರೂಪಾಯಿ ಕೊಡುತ್ತಾರೆ, ಅದೂ ಎರಡು ಹೆರಿಗೆಗಳಿಗೆ ಮಾತ್ರ. ಖಾಸಗಿ ಆಸ್ಪತ್ರೆಯ ಸಿಸೇರಿಯನ್ ಬಿಲ್ಲಿನ ಮುಂದೆ ಅದು ಏನೂ ಅಲ್ಲ. ಈ ಕುಟುಂಬ ಹೆರಿಗೆಯನ್ನು ಹುಬ್ಬಳ್ಳಿಯಲ್ಲೇ ಮುಗಿಸಿ, ಹದಿನೈದು ದಿನ ಬಿಟ್ಟು ತವರಿಗೆ ಹೋಯಿತು. ತಾಯಿ ಕಾರ್ಡ್, ಗರ್ಭದ ಪ್ರಮಾಣಪತ್ರ, ಹೆರಿಗೆ ಪ್ರಮಾಣಪತ್ರ, ಆಧಾರ್‌ಗೆ ಹೊಂದುವ ಬ್ಯಾಂಕ್ ಪಾಸ್‌ಬುಕ್ ಮೊದಲೇ ಒಂದು ಚೀಲದಲ್ಲಿದ್ದವು. ಪಾಸ್‌ಬುಕ್ಕಿನಲ್ಲಿ ತವರಿನ ಅಡ್ಡಹೆಸರು, ಇಎಸ್‌ಐ ದಾಖಲೆಯಲ್ಲಿ ಗಂಡನ ಮನೆಯ ಅಡ್ಡಹೆಸರು ಇದ್ದರೆ ಹಣ ಬರುವುದಿಲ್ಲ. ಇದನ್ನು ಏಳನೇ ತಿಂಗಳೊಳಗೆ ಸರಿಮಾಡಿಸಬೇಕು, ಬಾಣಂತಿ ಕಿಟಕಿಗೆ ಅಲೆಯುವಂತಾಗಬಾರದು. ಕ್ಲೇಮು ಪೂರ್ತಿ ದಾಖಲೆಯೊಂದಿಗೆ ಸೇರಿದ ಮೇಲೆ 14 ದಿನದೊಳಗೆ ಮೊದಲ ಪಾವತಿ ಆಗಬೇಕು ಎಂಬುದು ನಿಯಮ.

ರಜೆಯ ದಿನಗಳಲ್ಲಿ ಆಕೆಯ ಹೆಸರಿಗೆ ಹಾಜರಿ ಹಾಕಬಾರದು. “ಮನಿಯಿಂದನ ವಾಟ್ಸಾಪ್‌ದಾಗ ಒಂದೀಟು ನೋಡ್ರಿ” ಎಂದು ಕೆಲಸ ಹೇಳಿ, ಅದಕ್ಕೆ ಪಗಾರ ಹಾಕಿದರೆ ಭತ್ಯೆಗೇ ಕುತ್ತು. ಕೆಲಸಕ್ಕೆ ಬಾರದೆ ಇರುವುದೇ ಈ ಭತ್ಯೆಯ ಆಧಾರ. ಇಎಸ್‌ಐ ಕಾಯ್ದೆಯ 73ನೇ ಕಲಮಿನ ಪ್ರಕಾರ ಭತ್ಯೆ ಪಡೆಯುವ ಅವಧಿಯಲ್ಲಿ ತೆಗೆದುಹಾಕುವಂತಿಲ್ಲ, ದರ್ಜೆ ಇಳಿಸುವಂತಿಲ್ಲ, ಶಿಕ್ಷೆ ಕೊಡುವಂತಿಲ್ಲ.

ಒಂದೇ ರಜೆ, ಮೂರು ಎಣಿಕೆ

ಲೆಕ್ಕದವರನ್ನು ಹೆಚ್ಚು ತಬ್ಬಿಬ್ಬು ಮಾಡುವುದು ಇದು. ಇದೇ 182 ದಿನವನ್ನು ಒಂದೊಂದು ಕಾಯ್ದೆ ಒಂದೊಂದು ರೀತಿ ನೋಡುತ್ತದೆ. ಗ್ರಾಚ್ಯುಟಿಗೆ 26 ವಾರವೂ ಸೇವೆಯೇ. 12 ವಾರ ಎಂದಿದ್ದದ್ದು 2018ರಲ್ಲಿ 26 ಆಯಿತು. ಬೋನಸ್‌ಗೆ ಪಗಾರ ಸಹಿತದ ಹೆರಿಗೆ ರಜೆ ಕೆಲಸ ಮಾಡಿದ ದಿನವೆಂದೇ ಲೆಕ್ಕ. ಬೋನಸ್‌ನ 21,000 ಮಿತಿ ಮೂಲ ಪಗಾರ ಮತ್ತು ತುಟ್ಟಿಭತ್ಯೆಗೆ ಮಾತ್ರ, ಇಎಸ್‌ಐಯಂತೆ ಒಟ್ಟು ಪಗಾರಕ್ಕಲ್ಲ. ಆದ್ದರಿಂದ ‘ಇಎಸ್‌ಐ ಹೋಯಿತು, ಬೋನಸ್ಸೂ ಹೋಯಿತು’ ಎಂಬ ಮಾತು ಸುಳ್ಳು. ಪಿಎಫ್‌ನಲ್ಲಿ ಮಾತ್ರ ಈ ಆರು ತಿಂಗಳು ಖಾಲಿ. ಕಂಪನಿ ಪಗಾರ ಕೊಡುವುದಿಲ್ಲವಾದ್ದರಿಂದ ವಂತಿಗೆ ಇಲ್ಲ, ತಿಂಗಳ ಹಾಳೆಯಲ್ಲಿ ಆ ದಿನಗಳು ವಂತಿಗೆಯಿಲ್ಲದ ದಿನಗಳೆಂದು ಹೋಗುತ್ತವೆ.

ಪೆಟ್ಟು ಬಿದ್ದದ್ದು ಗಳಿಕೆ ರಜೆಗೆ. ಕಾರ್ಖಾನೆ ಕಾಯ್ದೆಯ 79ನೇ ಕಲಮಿನಲ್ಲಿ ವರ್ಷಕ್ಕೆ 240 ದಿನ ಕೆಲಸ ಆಗಿರಬೇಕಿತ್ತು, ಹೆರಿಗೆ ರಜೆಯಲ್ಲಿ ಎಣಿಕೆಗೆ ಸಿಗುತ್ತಿದ್ದದ್ದು 12 ವಾರ, ಅಂದರೆ 84 ದಿನ ಮಾತ್ರ. ಈಕೆ 2025ರಲ್ಲಿ ಜನವರಿಯ ನಾಲ್ಕು ದಿನ, ಜುಲೈ 7ರಿಂದ ವರ್ಷದ ಕೊನೆ ತನಕ ಭಾನುವಾರ ಕಳೆದು 153 ದಿನ, ಅದರಲ್ಲಿ ಹಬ್ಬದ ರಜೆ ಏಳು ತೆಗೆದರೆ ಒಟ್ಟು 150 ದಿನ. 84 ಸೇರಿಸಿದರೆ 234. ಆರು ದಿನದ ಕೊರತೆಗೆ ಮುಂದಿನ ವರ್ಷದ ಗಳಿಕೆ ರಜೆ ಪೂರ್ತಿ ಹೋಗುತ್ತಿತ್ತು, ಎರಡು ಮಕ್ಕಳ ಜ್ವರ-ನೆಗಡಿಯ ವರ್ಷದಲ್ಲಿ. ಕಾಯ್ದೆ ಕೊಡುವುದು ಕನಿಷ್ಠ, ಹೆಚ್ಚು ಕೊಡಬೇಡ ಎಂದು ಅದು ಎಲ್ಲೂ ಹೇಳಿಲ್ಲ. ಕಂಪನಿ ತನ್ನ ನಿಯಮದಲ್ಲಿ 26 ವಾರವನ್ನೂ ಎಣಿಸುವುದೆಂದು ಒಂದು ಸಾಲು ಸೇರಿಸಿತು. 2025ರ ನವೆಂಬರ್ 21ರಿಂದ ಜಾರಿಯಾದ ಹೊಸ ಕಾರ್ಮಿಕ ಸಂಹಿತೆಗಳಲ್ಲಿ ಈ 240 ಇಳಿದು 180 ಆಗಿದೆ.

ಅದೇ ದಿನದಿಂದ ಹೆರಿಗೆ ಸೌಲಭ್ಯವೂ ಇಎಸ್‌ಐಯೂ ಸಾಮಾಜಿಕ ಭದ್ರತಾ ಸಂಹಿತೆ 2020ರೊಳಗೆ ಬಂದಿವೆ. 26 ವಾರ ಹಾಗೇ ಇದೆ. ಬದಲಾದದ್ದು ‘ವೇತನ’ದ ಅರ್ಥ: ಮನೆ ಬಾಡಿಗೆ ಭತ್ಯೆಯಂಥವು ಹೊರಗೆ, ಆದರೆ ಹೊರಗಿಟ್ಟದ್ದು ಒಟ್ಟಿನ ಅರ್ಧ ಮೀರಿದರೆ ಮೀರಿದಷ್ಟು ಒಳಗೆ. ಆದ್ದರಿಂದ 21,000 ದಾಟಿದವರ ಹಳೆಯ ಪಟ್ಟಿಯನ್ನು ಹಾಗೇ ನಂಬಿ ಕೂರಬಾರದು, ಒಬ್ಬೊಬ್ಬರ ಪಗಾರವನ್ನೂ ಬಿಡಿಸಿ ನೋಡಬೇಕು.

ಜುಲೈ 7

ಮರಳಿದ ದಿನದಿಂದ ಇನ್ನೊಂದು ಸುತ್ತು. ಸೌಲಭ್ಯದ ಅವಧಿ ಜೂನ್ 30ಕ್ಕೆ ಮುಗಿದಿತ್ತು. ಅಂದರೆ ಆಕೆಗೂ ಮಕ್ಕಳಿಗೂ ಇಎಸ್‌ಐ ಆಸ್ಪತ್ರೆಯ ಬಾಗಿಲು ಜುಲೈ 1ಕ್ಕೆ ಮುಚ್ಚಿತು. ಮಿತಿ ದಾಟಿದವರಿಗೆ ಕಂಪನಿ ಗುಂಪು ಆರೋಗ್ಯ ವಿಮೆ ಮಾಡಿಸಿತು. ಅದರಲ್ಲಿ ನೋಡಬೇಕಾದದ್ದು ಹೆರಿಗೆ ಖರ್ಚಿಗೆ ಕಾಯುವ ಅವಧಿ ಇದೆಯೇ, ಕೂಸಿನ ಹೆಸರು ಎಷ್ಟು ದಿನದೊಳಗೆ ಸೇರಿಸಬೇಕು, ಅತ್ತೆ-ಮಾವ ಒಳಗೋ ಹೊರಗೋ ಎಂಬುದು. ಪಗಾರ ಏರುವ ದಿನವೇ ವಿಮೆ ಶುರುವಾಗಬೇಕಾಗಿಲ್ಲ, ಇಎಸ್‌ಐ ವೈದ್ಯಕೀಯ ಮುಗಿಯುವ ದಿನಕ್ಕೆ ಶುರುವಾದರೆ ಸಾಕು. ನಡುವೆ ಒಂದು ದಿನವೂ ಖಾಲಿ ಬೀಳಬಾರದು.

ಹಾಲೂಡಿಸುವ ವಿರಾಮವೆಂದು ಬೆಳಗ್ಗೆ ಒಂದು, ಮಧ್ಯಾಹ್ನ ಒಂದು, ಇಪ್ಪತ್ತಿಪ್ಪತ್ತು ನಿಮಿಷ ಕೊಟ್ಟರು. ಕೂಸು ಇರುವುದು ಹಳೇ ಹುಬ್ಬಳ್ಳಿಯಲ್ಲಿ. ತಾರಿಹಾಳದಿಂದ ಹೋಗಿ ಬರಲು ಒಂದು ತಾಸಿಗಿಂತ ಹೆಚ್ಚು. ಕೂಸಿನ ಮನೆ, ಅಂದರೆ ಮಕ್ಕಳನ್ನು ನೋಡಿಕೊಳ್ಳುವ ಕೋಣೆ (ಕ್ರೆಶ್), ಹತ್ತಿರವಿಲ್ಲದಿದ್ದರೆ ಆ ಇಪ್ಪತ್ತು ನಿಮಿಷ ಕಾಗದದ ಮೇಲಿನ ಹಾಲು.

ಕೂಸಿನ ಮನೆಯ ಬಗ್ಗೆ ಕಂಪನಿಯ ವಕೀಲರ ವಾದ ಹೀಗಿತ್ತು: 50 ಜನರಿದ್ದರೆ ಕ್ರೆಶ್ ಎಂಬುದು ಹೆರಿಗೆ ಸೌಲಭ್ಯ ಕಾಯ್ದೆಯ 11ಎ, ಅದು ಇಎಸ್‌ಐ ಕಾರ್ಖಾನೆಗೆ ಅನ್ವಯಿಸುವುದಿಲ್ಲ; ಮೇಲಾಗಿ ನಮ್ಮವರು 46. ಆ ಕಾಯ್ದೆಯ ಮಟ್ಟಿಗೆ ವಾದ ಗಟ್ಟಿ. ಆದರೆ ಕಾರ್ಖಾನೆ ಕಾಯ್ದೆಯ 48ನೇ ಕಲಮು ಬೇರೆಯೇ ಇತ್ತು: 30ಕ್ಕಿಂತ ಹೆಚ್ಚು ಹೆಣ್ಣುಮಕ್ಕಳು ದುಡಿಯುವ ಕಾರ್ಖಾನೆಯಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಕೋಣೆ ಇರಲೇಬೇಕು. ಆ ಕಾಯ್ದೆಯಲ್ಲಿ ‘ಕಾರ್ಮಿಕ’ ಎಂದರೆ ಗುತ್ತಿಗೆದಾರನ ಮೂಲಕ ಬಂದವರೂ ಹೌದು. 18ಕ್ಕೆ 14 ಕೂಡಿಸಿದರೆ 32.

ಕೋಣೆ ಎಂದಾಗ ಮೊದಲು ತೋರಿಸಿದ್ದು ಅಂಟು ಕುದಿಸುವ ಜಾಗದ ಪಕ್ಕದ ಖಾಲಿ ಗೋದಾಮು. ಪಿಷ್ಟದ ಹಬೆ, ಕಾಗದದ ಧೂಳು, ಜನರೇಟರ್ ಸದ್ದು. ಕೂಸು ಅಲ್ಲಿ ಮಲಗುವುದಿಲ್ಲ, ಮಲಗಿದರೆ ಕೆಮ್ಮುತ್ತಾ ಏಳುತ್ತದೆ. ಕೊನೆಗೆ ಗೇಟಿನ ಹತ್ತಿರದ ಕಾವಲುಗಾರನ ಹಳೆಯ ಮನೆ ಸರಿಮಾಡಿದರು: ನೆಲಮಟ್ಟ, ಎರಡು ಕಡೆ ಕಿಟಕಿ, ಬೇರೆ ಶೌಚಾಲಯ, ಕುಡಿಯುವ ನೀರು, ಹಾಲು ಬಿಸಿಮಾಡುವ ಒಲೆ ಮಕ್ಕಳ ಕೈಗೆ ಸಿಗದಂತೆ ಗೋಡೆಯಾಚೆ. ಕೇಂದ್ರದ 2018ರ ಮಾರ್ಗಸೂಚಿಯಲ್ಲಿ ಮೂರು ವರ್ಷದೊಳಗಿನ ಹತ್ತು ಮಕ್ಕಳಿಗೆ ಒಬ್ಬ ತರಬೇತಾದ ಆಯಾ ಎಂದಿದೆ. ಇಲ್ಲಿ ಬರುವ ಮಕ್ಕಳು ಏಳು. ಆದರೂ ಇಬ್ಬರು ಬೇಕು, ಒಬ್ಬಳು ರಜೆ ಹಾಕಿದ ದಿನ ಕೋಣೆಗೆ ಬೀಗ ಬಿದ್ದರೆ ಏಳು ತಾಯಂದಿರ ಹಾಜರಿಯೂ ಬೀಳುತ್ತದೆ. ಒಂದು ಸಣ್ಣ ಫ್ರಿಜ್ ಕೂಡ ಬೇಕು. ಹಿಂಡಿಟ್ಟ ಎದೆಹಾಲು 25 ಡಿಗ್ರಿಯೊಳಗೆ ನಾಲ್ಕು ತಾಸು ತಡೆಯುತ್ತದೆ, ಫ್ರಿಜ್‌ನಲ್ಲಿ ನಾಲ್ಕು ದಿನ. ಏಪ್ರಿಲ್‌ನ ಹುಬ್ಬಳ್ಳಿಯಲ್ಲಿ ತಗಡಿನ ಕೆಳಗೆ 25 ಡಿಗ್ರಿ ಎಲ್ಲಿಂದ ಬರಬೇಕು.

ಆಮೇಲೆ ಯಾರೂ ಎಣಿಸದಿದ್ದ ತೊಡಕು: ಪಂಚ್ ಯಂತ್ರ. ಕೂಸಿನ ಕೋಣೆ ಗೇಟಿನ ಹೊರಬದಿಗೆ, ದಿನಕ್ಕೆ ನಾಲ್ಕು ಪಂಚ್ ಹೆಚ್ಚಾದವು. ಮೊದಲ ತಿಂಗಳೇ ಪಗಾರದ ಸಾಫ್ಟ್‌ವೇರ್ ಅದನ್ನು ‘ಅನುಮತಿಯಿಲ್ಲದ ಹೊರಹೋಗುವಿಕೆ’ ಎಂದು ಓದಿ ಆರು ಅರ್ಧ ದಿನ ಕತ್ತರಿಸಿತು. ಅರ್ಧ ದಿನ ಕಡಿತವಾದ್ದರಿಂದ ತಿಂಗಳ 1,000 ರೂಪಾಯಿ ಹಾಜರಿ ಭತ್ಯೆಯೂ ಹೋಯಿತು. ವಿರಾಮಕ್ಕೆ ಬೇರೆ ಸಂಕೇತ ಹಾಕಿಸಿದ ಮೇಲೆ ನಿಂತಿತು.

ಗಂಡನ ಕಡೆ ಹೇಳುವಂಥದ್ದು ಏನೂ ಇಲ್ಲ. ರಾಜ್ಯ ಸರ್ಕಾರಿ ನೌಕರನಾಗಿದ್ದರೆ 15 ದಿನ ಪಿತೃತ್ವ ರಜೆ ಇರುತ್ತಿತ್ತು, ಖಾಸಗಿಯವರಿಗೆ ಕಾಯ್ದೆಯಲ್ಲಿ ಒಂದು ದಿನವೂ ಇಲ್ಲ. ಅಂಗಡಿಯ ಸಾವಕಾರರು ನಾಲ್ಕು ದಿನ ಬಿಟ್ಟರು, ಪಗಾರ ಹಿಡಿದರು. ಬಾಕ್ಸ್ ಘಟಕ ತನ್ನ ಗಂಡಸು ನೌಕರರಿಗೆ ಏಳು ದಿನ ಕೊಡುವುದೆಂದು ಬರೆದುಕೊಂಡಿದೆ, ಹೆರಿಗೆಯಾದ ಮೂರು ತಿಂಗಳೊಳಗೆ ಬಿಡಿ ಬಿಡಿಯಾಗಿಯೂ ತೆಗೆದುಕೊಳ್ಳಬಹುದು. ಬಿಡಿಯಾಗಿ ಎಂಬುದು ಮುಖ್ಯ. ಲಸಿಕೆಯ ದಿನ, ಬಾಣಂತಿಯನ್ನು ತವರಿಗೆ ಬಿಟ್ಟುಬರುವ ದಿನ ಒಂದೇ ವಾರದಲ್ಲಿ ಬರುವುದಿಲ್ಲ.

2025ರ ಅಕ್ಟೋಬರ್‌ನಲ್ಲಿ ಅಂಟು ಹಚ್ಚುವ ವಿಭಾಗದ ಗುತ್ತಿಗೆ ಹೆಣ್ಣುಮಗಳೊಬ್ಬಳ ಕಡತ ತೆರೆಯಿತು. ಏಪ್ರಿಲ್‌ನಲ್ಲಿ ಸೇರಿದವಳು, ಹೆರಿಗೆ ಫೆಬ್ರವರಿಗೆ. ತಿಂಗಳಿಗೆ 24 ದಿನ ದುಡಿದಿದ್ದಾಳೆ, ಗುತ್ತಿಗೆದಾರ ಇಎಸ್‌ಐ ಹಾಳೆಯಲ್ಲಿ ತೋರಿಸಿದ್ದು ತಿಂಗಳಿಗೆ ಹತ್ತು ದಿನ. ಆರು ತಿಂಗಳಿಗೆ 60, ಬೇಕಾದದ್ದು 70. ಗುತ್ತಿಗೆಯವರ ವಂತಿಗೆಗೂ ಮೂಲ ಮಾಲೀಕನೇ, ಅಂದರೆ ಇಲ್ಲಿ ಬಾಕ್ಸ್ ಕಂಪನಿಯೇ, ಹೊಣೆ, ಮತ್ತೆ ಅದೇ ನವೆಂಬರ್ 11. ಗುತ್ತಿಗೆದಾರನ ಹಾಜರಿ ಪುಸ್ತಕ ನಂಬುವಂತಿರಲಿಲ್ಲ. ಕಾವಲುಗಾರನ ಗೇಟ್ ರಿಜಿಸ್ಟರ್‌ನಲ್ಲಿ ಆಕೆಯ ಒಳಬಂದ ಹೊತ್ತು, ಹೊರಹೋದ ಹೊತ್ತು, ಸಹಿ ಎಲ್ಲ ಇದ್ದವು. ಏಪ್ರಿಲ್‌ನಿಂದ ಪುಟ ತಿರುವಿ, ಅವಳ ಸಹಿ ಇದ್ದ ದಿನಗಳಿಗೆ ಪೆನ್ಸಿಲ್ ಗೆರೆ ಹಾಕುತ್ತಾ ಹೋದರು.